ನಾನು ಸಂದು ಮುಚ್ಚಿದ ಮನೆಗಳು

ಕಳೆದ ವಾರ ಪುತ್ತೂರಿನ ಬಸ್ ನಿಲ್ದಾಣದ ಹಿಂದಿನ ಓಣಿಗೆ, ಇಸ್ತ್ರಿಗೆ ಕೊಟ್ಟಿದ್ದ ಸೀರೆ ತರಲು ಹೋಗಿದ್ದೆ. ಅಂಗಡಿಯವರು ಇಸ್ತ್ರಿಪೆಟ್ಟಿಗೆಯ ಮುಚ್ಚಳ ಎತ್ತಿ, ಒಳಗಿನ ಗೆರಟೆ ಕೆಂಡಕ್ಕೆ ರಟ್ಟಿನ ತುಂಡಿನಿಂದ ಗಾಳಿ ಹಾಕಿದರು. ತೆಂಗಿನ ಚಿಪ್ಪಿಗೆ ನಮ್ಮ ಕಡೆ ಗೆರಟೆ ಎನ್ನುತ್ತಾರೆ. ಅದರ ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಒಣಗಿದ, ತುಸು ಸಿಹಿಯಾದ ವಾಸನೆಯಷ್ಟೇ ಬರುತ್ತದೆ. "ಐದೇ ನಿಮಿಷ ಅಕ್ಕ, ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದರು. ನನಗೆ ಕೂರಲಾಗಲಿಲ್ಲ. ನಾಳೆ ಬರುತ್ತೇನೆಂದು ಹೇಳಿ ಹೊರಬಿದ್ದೆ. ಸಂತೆ ಮಾರುಕಟ್ಟೆಯವರೆಗೆ ನಡೆದೆ, ಅಲ್ಲಿ ಏನೂ ಕೊಳ್ಳುವುದಿರಲಿಲ್ಲ, ತಿರುಗಿ ಬಂದೆ, ಮತ್ತೆ ಹೋದೆ. ಹೀಗೆ ಕಾಲು ಒಂದು ಕಡೆ ನಿಲ್ಲದೆ ಓಡಾಡಿದ ಒಂದು ಮಳೆಗಾಲ ನನ್ನ ಬದುಕಿನಲ್ಲಿದೆ.

ಆಗ ನನಗೆ ಮೂವತ್ತೊಂದು. ಪಂಜದಲ್ಲಿ ಹುಟ್ಟಿ, ಸುಳ್ಯದಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಮಂಗಳೂರಿನ ಒಂದು ಸಣ್ಣ ಸಂಸ್ಥೆಗೆ ಸೇರಿದ್ದೆ. ಹೊಸ ಮನೆ ಕಟ್ಟುವುದು ನಮ್ಮ ಕೆಲಸವಾಗಿರಲಿಲ್ಲ. ಕಟ್ಟಿ ಮುಗಿದ ಮನೆಗಳನ್ನು ಒಡೆಯದೆ, ಕಡಿಮೆ ಕರೆಂಟಿನಲ್ಲಿ ತಂಪಾಗಿರುವಂತೆ ಸರಿಪಡಿಸಿ ಕೊಡುವುದು ನಮ್ಮ ಕೆಲಸ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ನನ್ನ ಪಾಲಿಗೆ ಬಂದಿದ್ದವು. ಪುತ್ತೂರಿನಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದು, ಸ್ಕೂಟರಿನಲ್ಲಿ ಊರೂರು ಸುತ್ತುತ್ತಿದ್ದೆ. ಹಿಂದಿನ ಹಂಚಿನ ಮನೆಗಳು ಹೋಗಿ ಎಲ್ಲೆಲ್ಲೂ ತಾರಸಿ ಮನೆಗಳು ಬಂದಿದ್ದವು. ಮಾರ್ಚ್ ತಿಂಗಳಿನಲ್ಲಿ ಆ ಸ್ಲ್ಯಾಬು ಕಾದರೆ ಸಂಜೆಯ ಮೇಲೂ ಕಾವು ಇಳಿಯುವುದಿಲ್ಲ. ಜನ ಕೋಣೆಗೊಂದು ಏಸಿ ಹಾಕಿಸಿಕೊಳ್ಳುತ್ತಿದ್ದರು. "ಇಲ್ಲಿ ಏಸಿ ಓಡಿದಷ್ಟೂ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ, ಆ ಹೊಗೆಯಿಂದಲೇ ಇನ್ನಷ್ಟು ಸೆಕೆ" ಎಂದು ನಾನು ಮನೆಮನೆಯ ಜಗಲಿಯಲ್ಲಿ ನಿಂತು ಹೇಳುತ್ತಿದ್ದೆ. ಬಾಯಿಪಾಠದ ಮಾತಲ್ಲ, ನಂಬಿ ಹೇಳುತ್ತಿದ್ದೆ. ಈಗಲೂ ನಂಬುತ್ತೇನೆ.

ನನ್ನ ಜೊತೆ ಕೆಲಸಕ್ಕಿದ್ದವರು ಮೋನಪ್ಪ ಮೇಸ್ತ್ರಿ. ಐವತ್ತೈದು ದಾಟಿದ, ಮಾತು ಕಡಿಮೆಯ ಗಾರೆ ಕೆಲಸಗಾರ. ತಾರಸಿಯ ಮೇಲೆ ಸುಣ್ಣದ ಗಾರೆ ಹಾಕಿ ಹಳೆಯ ಹಂಚುಗಳನ್ನು ಬೋರಲು ಜೋಡಿಸುವುದರಲ್ಲಿ ಅವರ ಸಮಕ್ಕೆ ಇನ್ನೊಬ್ಬರಿರಲಿಲ್ಲ. ಒಡೆದ ಮನೆಗಳ ಹಂಚನ್ನು ಅವರೇ ಹುಡುಕಿ ತರುತ್ತಿದ್ದರು. ಬಿಳಿ ಬಣ್ಣ, ಹಂಚು, ಪಡುವಣ ಗೋಡೆಗೆ ನೆರಳು, ಇಷ್ಟು ಅವರ ಕೆಲಸ. ಕಿಟಕಿ ಬಾಗಿಲುಗಳ ಸಂದು ಮುಚ್ಚುವುದು ನನ್ನದು. ಒಳಗಿನ ತಂಪು ಹೊರಗೆ ಸೋರಬಾರದು ಎಂದು ಕಿಟಕಿಯ ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸುತ್ತಿದ್ದೆ. ಗೋಡೆಯ ಮೇಲಿನ ವೆಂಟಿಲೇಟರಿಗೆ ಗಾಜು ಕೂರಿಸಿ ಸುತ್ತ ಅಂಟು ಹಾಕುತ್ತಿದ್ದೆ. ಬಾಗಿಲಿನ ಅಡಿಗೆ ಬ್ರಶ್ಶು ಹೊಡೆಯುತ್ತಿದ್ದೆ. ಮುಗಿದ ಮೇಲೆ ಒಂದು ಊದುಬತ್ತಿ ಹಚ್ಚಿ ಕೋಣೆಯ ಮೂಲೆಮೂಲೆಯಲ್ಲಿ ಹಿಡಿಯುವುದು. ಹೊಗೆ ಅಲುಗಾಡದೆ ನೆಟ್ಟಗೆ ಮೇಲೇರಿದರೆ ಒಂದು ಸಂದೂ ಉಳಿದಿಲ್ಲ ಎಂದರ್ಥ. ಆ ನೆಟ್ಟಗಿನ ಗೆರೆ ನೋಡುವಾಗ ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿಯಾಗುತ್ತಿತ್ತು.

ಕಡಬ ಪೇಟೆಯಿಂದ ಎರಡು ಮೈಲು ಒಳಗಿನ ಅಬ್ದುಲ್ಲಾಕನ ಮನೆ ಆ ಬೇಸಿಗೆಯ ಏಳನೆಯ ಮನೆ. ಅಬ್ದುಲ್ಲಾಕ ಗಲ್ಫ್‌ನಲ್ಲಿ ಹತ್ತೊಂಬತ್ತು ವರ್ಷ ದುಡಿದು ಬಂದು ಪೇಟೆಯಲ್ಲಿ ಪೈಪು, ಟೈಲ್ಸಿನ ಅಂಗಡಿ ಇಟ್ಟವರು. ಮನೆಯಲ್ಲಿ ಹೆಂಡತಿ ಝೊಹರಕ್ಕ, ತಾಯಿ ಐಸಮ್ಮ. ತಾಯಿಯನ್ನು ಎಲ್ಲರೂ ಉಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಮಗಳು ರಮೀಝ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅವಳಿಗೆಂದು ಗೊತ್ತುಮಾಡಿದ ಕೋಣೆಯಲ್ಲಿ ಏಸಿ ಹಗಲಿಡೀ ಓಡಿದರೂ ಸೆಕೆ ತಗ್ಗುತ್ತಿರಲಿಲ್ಲ.

"ಹಳೆ ಮನೆ ಹಂಚಿನದ್ದು. ಅಲ್ಲಿ ಸೆಕೆ ಅಂತ ಯಾರೂ ಹೇಳ್ಲಿಲ್ಲ" ಎಂದರು ಉಮ್ಮ. "ಇದು ಚಂದ ಉಂಟು. ಆದ್ರೆ ಕಾವಲಿ ಮೇಲೆ ಕೂತ ಹಾಗೆ."

"ಒಡೆದು ಬೇರೆ ಕಟ್ಟುದಾ ಅಂತ ಎಣಿಸಿದೆ ಮಾರಾಯ್ರೆ" ಎಂದರು ಅಬ್ದುಲ್ಲಾಕ.

"ಬೇಡ. ಇದ್ದದ್ದನ್ನೇ ಸರಿ ಮಾಡುವ. ಒಂದು ತಿಂಗಳು ಕೊಡಿ" ಎಂದೆ.

ಮೂರೇ ವಾರದಲ್ಲಿ ಕೆಲಸ ಮುಗಿಯಿತು. ಆ ಕೋಣೆಯ ವೆಂಟಿಲೇಟರಿಗೆ ಅಂಟು ಹಾಕುತ್ತಿದ್ದಾಗ ಮೋನಪ್ಪ ಮೇಸ್ತ್ರಿ ಬಾಗಿಲಲ್ಲಿ ನಿಂತು ಕೇಳಿದರು. "ಅಲ್ಲ ಅಕ್ಕ, ಮಳೆಗಾಲದಲ್ಲಿ ಇವರು ಎಂತ ಮಾಡುದು?"

"ಕಿಟಕಿ ತೆರೆದ್ರೆ ಆಯ್ತಲ್ಲ ಮೇಸ್ತ್ರಿ" ಎಂದೆ. ಮರುದಿನ ಕಲ್ಲುಗುಂಡಿಯಲ್ಲಿ ಇನ್ನೊಂದು ಮನೆ ಕಾಯುತ್ತಿತ್ತು. ನಿಂತು ಯೋಚಿಸುವ ಪುರುಸೊತ್ತು ನನಗಿರಲಿಲ್ಲ. ಅವರು ತಲೆಯಾಡಿಸಿ ಹೋದರು.

ಕೆಲಸ ಚೆನ್ನಾಗಿಯೇ ಆಗಿತ್ತು. ಏಪ್ರಿಲ್‌ನಲ್ಲಿ ಅಬ್ದುಲ್ಲಾಕ ಫೋನು ಮಾಡಿ, ಏಸಿಯನ್ನು ಬೆಳಿಗ್ಗೆ ಒಂದು ಗಂಟೆ ಹಾಕಿ ಬಂದ್ ಮಾಡಿದರೆ ಮಧ್ಯಾಹ್ನದವರೆಗೆ ಕೋಣೆ ತಂಪಾಗಿಯೇ ಇರುತ್ತದೆ ಎಂದು ಹೊಗಳಿದರು. ಮೇ ಕೊನೆಯಲ್ಲಿ ರಮೀಝಳಿಗೆ ಗಂಡು ಮಗುವಾಯಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಮಳೆ ಬಂದ ಮೇಲೆ ತಾರಸಿ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಿಬರುವುದು ಪದ್ಧತಿ. ಆ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನೂ ಮೇಸ್ತ್ರಿಯೂ ಕಡಬಕ್ಕೆ ಹೋದೆವು. ಹಿಂದಿನ ದಿನದ ಗಾಳಿಗೆ ಕಂಬದ ಮೇಲೆ ಮರ ಬಿದ್ದು ಕರೆಂಟು ಹೋಗಿತ್ತು. ಗೇಟು ತೆರೆಯುವಾಗಲೇ ಝೊಹರಕ್ಕನ ಕೂಗು ಕೇಳಿತು. ಅಂಥ ಕೂಗನ್ನು ನಾನು ಮೊದಲೆಂದೂ ಕೇಳಿರಲಿಲ್ಲ.

ಓಡಿದೆ. ಝೊಹರಕ್ಕ ಗಂಜಿಯ ಬಟ್ಟಲು ಹಿಡಿದು ಆಗಷ್ಟೇ ಬಾಗಿಲು ತೆರೆದಿದ್ದರು. ಬಟ್ಟಲು ನೆಲದಲ್ಲಿ ಬಿದ್ದಿತ್ತು. ಮಂಚದಲ್ಲಿ ರಮೀಝ ಅರ್ಧ ಮಗ್ಗುಲಾಗಿ, ಬಾಯಲ್ಲಿ ವಾಂತಿ ಹರಿದು, ಎಷ್ಟು ಅಲುಗಿಸಿದರೂ ಕಣ್ಣು ಬಿಡದೆ ಮಲಗಿದ್ದಳು. ಪಕ್ಕದಲ್ಲಿ ಮಗು. ಮಂಚದ ಅಡಿಯಲ್ಲಿ ಮಣ್ಣಿನ ಚಟ್ಟಿ, ಅದರ ತುಂಬ ಕೆಂಪಗಿನ ಗೆರಟೆ ಕೆಂಡ. ಬಾಣಂತಿಗೂ ಮಗುವಿಗೂ ಬೆಚ್ಚಗಿರಲೆಂದು ಉಮ್ಮ ಇಟ್ಟದ್ದು. ಗಾಳಿ ತಾಗಬಾರದೆಂದು ಕಿಟಕಿ, ಬಾಗಿಲು ಹಾಕಿದ್ದರು.

ಆಮೇಲೆ ನನ್ನ ಕಣ್ಣು ಹೋದದ್ದು ಬಾಗಿಲಿನ ಅಡಿಯ ಬ್ರಶ್ಶಿಗೆ. ಆ ಒಂದು ಕ್ಷಣದಲ್ಲೇ ನನಗೆ ಎಲ್ಲವೂ ಅರ್ಥವಾಗಿತ್ತು. ಕೆಂಡದಿಂದ ಹೊರಡುವ ವಿಷದ ಗಾಳಿಗೆ ಬಣ್ಣವಿಲ್ಲ. ಅದಕ್ಕೆ ಹೊರಹೋಗಲು ಆ ಕೋಣೆಯಲ್ಲಿ ಒಂದು ಕೂದಲೆಳೆಯಷ್ಟು ಜಾಗವನ್ನೂ ನಾನು ಬಿಟ್ಟಿರಲಿಲ್ಲ.

ಮಗುವನ್ನು ಎತ್ತಿಕೊಂಡು ಮಳೆಗೆ ಓಡಿದೆ. ಮೇಸ್ತ್ರಿಯೂ ಝೊಹರಕ್ಕನೂ ರಮೀಝಳನ್ನು ಹೊತ್ತು ತಂದರು. ಅಂಗಳದಲ್ಲಿ ಮಗುವಿನ ಮುಖದ ಮೇಲೆ ಮಳೆಹನಿ ಬಿದ್ದಾಗ ತುಟಿ ಸ್ವಲ್ಪ ಅಲುಗಿತು. ನೆರೆಮನೆಯವರ ಜೀಪು ಬಂತು. ಕಡಬದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಪುತ್ತೂರಿಗೆ ಕಳಿಸಿದರು. ಸವಣೂರಿನ ದಾರಿಯುದ್ದಕ್ಕೂ ಉಮ್ಮ ನನ್ನ ಪಕ್ಕದಲ್ಲಿ ಕೂತು ತುಟಿ ಅಲುಗಿಸುತ್ತ ಪ್ರಾರ್ಥಿಸುತ್ತಿದ್ದರು. ಅವರ ಕೈಬೆರಳ ತುದಿ ಇನ್ನೂ ಇದ್ದಿಲಿನಿಂದ ಕಪ್ಪಾಗಿತ್ತು.

ಸಂಜೆ ನಾಲ್ಕಕ್ಕೆ ಡಾಕ್ಟರು ಹೊರಗೆ ಬಂದರು. ಇಬ್ಬರೂ ಬದುಕುತ್ತಾರೆ, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಆಮೇಲೆ ಕೇಳಿದರು. "ಕೋಣೆಯಲ್ಲಿ ಕೆಂಡ ಇಟ್ಟದ್ದು ಯಾರು?"

"ನಾನು" ಎಂದರು ಉಮ್ಮ.

"ಅಜ್ಜಿ, ಈ ಕಾಲದಲ್ಲೂ ಇಂಥದ್ದೆಲ್ಲ ಮಾಡ್ತಾರಾ? ನಿಮ್ಮ ಕೈಯಾರೆ ಎರಡು ಜೀವ ಹೋಗ್ತಿತ್ತು."

ಉಮ್ಮ ಗೋಡೆ ಹಿಡಿದು ನಿಂತರು. ನಾನು ಎರಡು ಮಾರು ದೂರದಲ್ಲಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಷ್ಟರಲ್ಲಿ, ಅಂಗಡಿಯಿಂದ ನೇರ ಆಸ್ಪತ್ರೆಗೆ ಬಂದಿದ್ದ ಅಬ್ದುಲ್ಲಾಕ ನನ್ನ ಮುಂದೆ ಬಂದು ಎರಡೂ ಕೈ ಎತ್ತಿದರು. "ದೇವರೇ ನಿಮ್ಮನ್ನು ಕಳಿಸಿದ್ದು ಶೈಲಕ್ಕ. ನೀವು ಆ ಹೊತ್ತಿಗೆ ಬಾರದಿದ್ರೆ ನಮ್ಮ ಕತೆ ಮುಗೀತಿತ್ತು." ಮಳೆಗೆ ನೆನೆದ ಬಟ್ಟೆಯಲ್ಲೇ ಸ್ಕೂಟರು ತರಲು ಕಡಬದ ಬಸ್ಸು ಹಿಡಿದೆ.

ಮರುದಿನ ಮಂಗಳೂರಿಗೆ ಫೋನು ಮಾಡಿ ನಮ್ಮ ಯಜಮಾನರಿಗೆ ನಡೆದದ್ದನ್ನು ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದರು. "ಕೆಂಡ ಇಟ್ಟದ್ದು ಅಜ್ಜಿ. ಹಾಗಂತ ಡಾಕ್ಟರೇ ಹೇಳಿದ್ದಾರಲ್ಲ? ನೀನು ಯಾಕೆ ಮೈಮೇಲೆ ಎಳ್ಕೊಳ್ಳುದು? ಸುಮ್ಮನಿರು."

ಸುಮ್ಮನಿರಲು ಒಪ್ಪಿದೆ. ಆದರೆ ಸುಮ್ಮನೆ ಕೂರಲು ಮಾತ್ರ ಆಗಲಿಲ್ಲ. ನನ್ನ ಕೋಣೆಯ ಕಿಟಕಿ ಬಾಗಿಲು ತೆರೆದಿಟ್ಟು ಮಳೆ ಒಳಗೆ ಎರಚಿದರೂ ಮುಚ್ಚುತ್ತಿರಲಿಲ್ಲ. ಆಸ್ಪತ್ರೆಯಿಂದ ತಾಯಿ ಮಗು ಮನೆಗೆ ಬಂದ ದಿನ ಝೊಹರಕ್ಕ ಯಾರದೋ ಕೈಯಲ್ಲಿ ತುಪ್ಪದನ್ನ ಕಳಿಸಿಕೊಟ್ಟರು. ಡಬ್ಬಿಯ ಮುಚ್ಚಳ ತೆಗೆದೆ, ಮತ್ತೆ ಮುಚ್ಚಿ ಕೆಳಗಿನ ಮನೆಯವರಿಗೆ ಕೊಟ್ಟೆ. ಆ ಬೇಸಿಗೆಯಲ್ಲಿ ನಾನು ಹನ್ನೊಂದು ಮನೆಗಳ ಸಂದು ಮುಚ್ಚಿದ್ದೆ. ಆ ಹನ್ನೊಂದು ಮನೆಗಳ ಕೋಣೆಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು. ಯಾವುದರಲ್ಲಿ ಯಾರು ಏನು ಹೊತ್ತಿಸಿಟ್ಟಿದ್ದಾರೋ! ದೂರದ ಕಲ್ಲಿದ್ದಲಿನ ಲೆಕ್ಕ ಹೇಳುತ್ತಿದ್ದವಳು ಒಂದು ಮನೆಯಲ್ಲಾದರೂ "ಮಳೆಗಾಲದಲ್ಲಿ ಈ ಕೋಣೆಯಲ್ಲಿ ಏನು ಮಾಡುತ್ತೀರಿ?" ಎಂದು ಕೇಳಿರಲಿಲ್ಲ. ಎಲ್ಲ ಮನೆಗಳನ್ನೂ ಒಂದೇ ಋತುವಿನಲ್ಲಿ ನೋಡಿದ್ದೆ.

ಮೇಸ್ತ್ರಿಯನ್ನು ಕರೆದೆ. "ಎಲ್ಲ ಕಡೆ ಹೋಗಿ ಗಾಳಿಗೆ ದಾರಿ ಮಾಡ್ಬೇಕು."

ಅವರು "ಯಾಕೆ" ಎಂದು ಕೇಳಲಿಲ್ಲ. ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹಿಂದೆ ಕೂತರು. ಪುತ್ತೂರಿನ ನಾಲ್ಕು ಮನೆ, ಪಂಜದಲ್ಲಿ ಎರಡು, ಕಲ್ಲುಗುಂಡಿಯಲ್ಲಿ ಒಂದು, ಸುಳ್ಯ ಪೇಟೆಯಲ್ಲಿ ಎರಡು, ಕೊನೆಗೆ ಗುತ್ತಿಗಾರಿನಲ್ಲಿ ಒಂದು. ಎರಡು ವಾರ ಮಳೆಯಲ್ಲಿ ತಿರುಗಿದೆವು. ಬೇಸಿಗೆಯಲ್ಲಿ ನನ್ನನ್ನು ಹೊಗಳಿದ ಮನೆಯವರು ಈಗ ಹುಚ್ಚಿಯನ್ನು ನೋಡುವಂತೆ ನೋಡಿದರು. "ಮುಚ್ಚಿದ್ದೂ ನೀವೇ, ಒಡೆಯುದೂ ನೀವೇ, ಇದೆಂತ ತಮಾಷೆ?" ಎಂದು ಸುಳ್ಯದ ಒಬ್ಬರು ಬಾಗಿಲಲ್ಲೇ ನಿಲ್ಲಿಸಿದರು, ಬಹಳ ಹೇಳಿದ ಮೇಲೆ ಒಳಗೆ ಬಿಟ್ಟರು. ಗುತ್ತಿಗಾರಿನ ಮನೆಯ ಬಚ್ಚಲಲ್ಲಿ ಗ್ಯಾಸಿನ ಗೀಸರು ಇತ್ತು, ಅದರಿಂದಲೂ ಅದೇ ವಿಷಗಾಳಿ ಬರುತ್ತದೆ. ಬಚ್ಚಲಿನ ವೆಂಟಿಲೇಟರನ್ನೂ ನಾನು ಬಿಟ್ಟಿರಲಿಲ್ಲ. "ಈಚೆಗೆ ಮೀಯುವಾಗ ತಲೆ ತಿರುಗ್ತದೆ, ಬಿಪಿ ಅಂತ ಮಾತ್ರೆ ತಿಂತಾ ಇದ್ದೇನೆ" ಎಂದು ಆ ಮನೆಯಾಕೆ ಸಹಜವಾಗಿ ಹೇಳಿದರು. ನಾನು ಉಳಿ ಹಿಡಿದು ವೆಂಟಿಲೇಟರಿನ ಕೆಳಗೆ ನಿಂತೆ. ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಸರಿಸಿ ಆ ಗಾಜನ್ನು ಒಂದೇ ಪೆಟ್ಟಿಗೆ ತೆಗೆದರು. ಗೀಸರನ್ನು ಬಚ್ಚಲಿನ ಹೊರಗೆ ಹಾಕಿಸಲೂ ಹೇಳಿದರು.

ಅಲ್ಲಿಂದ ಇಳಿದು ಬರುವಾಗ ಮಳೆ ಜೋರಾಗಿ, ಒಂದು ಬಸ್ ತಂಗುದಾಣದಲ್ಲಿ ನಿಂತೆವು. ಮೇಸ್ತ್ರಿ ಎಲೆಯಡಿಕೆ ತೆಗೆದು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಹತ್ತು ಮನೆ ಆಯ್ತು ಅಕ್ಕ. ಇನ್ನೊಂದು ಉಳೀತು."

"ಅಲ್ಲಿ ಈಗ ಯಾರೂ ಕೆಂಡ ಇಡುದಿಲ್ಲ ಮೇಸ್ತ್ರಿ. ಹೆದರಿದ್ದಾರೆ."

"ಕೆಂಡ ಇಡುದಿಲ್ಲ, ಹೌದು. ಉಮ್ಮ ಮಗುವನ್ನೂ ಮುಟ್ಟುದಿಲ್ಲಂತೆ. ನಾನು ಮೊನ್ನೆ ಕಡಬ ಪೇಟೆಯಲ್ಲಿ ಅಬ್ದುಲ್ಲಾಕನನ್ನು ಕಂಡಿದ್ದೆ. ಮಗು ಅತ್ತರೂ ಆ ಕಡೆ ಹೋಗುದಿಲ್ಲ, ಸರಿಯಾಗಿ ಉಣ್ಣುದಿಲ್ಲ, 'ನನ್ನ ಕೈ ಒಳ್ಳೆದಲ್ಲ' ಅಂತ ಹೇಳ್ತಾರಂತೆ." ಅವರು ನನ್ನ ಮುಖ ನೋಡದೆ ರಸ್ತೆ ನೋಡುತ್ತ ಮಾತು ಮುಗಿಸಿದರು. "ಏಳು ಮಕ್ಕಳನ್ನು ಸಾಕಿದ ಕೈ ಅದು."

ಮೇಸ್ತ್ರಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತು. ನಾನೇ ಹೇಳಲೆಂದು ಹತ್ತು ಮನೆಗಳವರೆಗೆ ಕಾದಿದ್ದರು.

ಆದಿತ್ಯವಾರ ಬೆಳಿಗ್ಗೆ ಕಡಬಕ್ಕೆ ಹೋದೆವು. ಅಬ್ದುಲ್ಲಾಕ ಮನೆಯ ಮುಂಬದಿಯ ಸಿಟೌಟಿನಲ್ಲಿ ಪೇಪರು ಓದುತ್ತಿದ್ದರು. ಝೊಹರಕ್ಕ ಚಾ ತರಲು ಎದ್ದರು. "ಚಾ ಬೇಡ. ಉಮ್ಮನನ್ನು ಕರೀರಿ" ಎಂದೆ. ಉಮ್ಮ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಎರಡು ವಾರದಲ್ಲಿ ಸೊರಗಿ ಅರ್ಧವಾಗಿದ್ದರು.

ನಿಂತೇ ಹೇಳಿದೆ. ಬ್ರಶ್ಶು, ಪಟ್ಟಿ, ಗಾಜು ಎಲ್ಲ ಹೇಳಿದೆ. ಕೆಂಡದ ವಿಷಗಾಳಿ ಸಂದಿನಲ್ಲಿ ಹೊರಗೆ ಹೋಗುತ್ತದೆ, ಆ ಸಂದುಗಳನ್ನೆಲ್ಲ ಮುಚ್ಚಿದವಳು ನಾನು, ಮಳೆಗಾಲದಲ್ಲಿ ಬಾಣಂತಿಗೆ ಕೆಂಡ ಇಡುತ್ತೀರಾ ಎಂದು ಕೇಳಬೇಕಿತ್ತು, ಕೇಳಲಿಲ್ಲ ಎಂದೆ. ಆ ದಿನ ಬಾಗಿಲಿನ ಅಡಿಯ ಬ್ರಶ್ಶು ಕಂಡಾಗಲೇ ನನಗೆ ಇದು ಗೊತ್ತಾಗಿತ್ತು, ಆದರೂ ಆಸ್ಪತ್ರೆಯಲ್ಲಿ ಬಾಯಿ ಬಿಡಲಿಲ್ಲ ಎಂದೂ ಹೇಳಿದೆ.

ಅಬ್ದುಲ್ಲಾಕ ಪೇಪರು ಮಡಚಿದರು. ಮಡಚಿದ್ದನ್ನೇ ಮತ್ತೆ ಮಡಚಿದರು. "ತಪ್ಪು ಯಾರಿಗೂ ಆಗ್ತದೆ ಶೈಲಕ್ಕ. ಆದ್ರೆ ನೀವು ಅಲ್ಲೇ ನಿಂತು ನೋಡ್ತಾ ಇದ್ರಿ. ನನ್ನ ಉಮ್ಮನಿಗೆ ಆ ಡಾಕ್ಟರು ಬೈದ ಮೇಲೆ ನಾನೂ ಬೈದೆ. ಮನೆಗೆ ಬಂದೂ ಬೈದೆ." ಅವರು ಪೇಪರನ್ನು ಪಕ್ಕಕ್ಕೆ ಇಟ್ಟರು. "ಈ ಎರಡು ವಾರ ನಾನು ಅವರ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ಹೋಗಿ ನೀವು. ನನ್ನ ಕಣ್ಣೆದುರು ನಿಲ್ಬೇಡಿ."

ಹೊರಡಲು ತಿರುಗಿದೆ. "ನಿಲ್ಲು" ಎಂದರು ಉಮ್ಮ. "ಹಳೆ ಮನೆಯಲ್ಲಿ ಇದೇ ಕೆಂಡ ಇಟ್ಟಿದ್ದೆ. ಏಳು ಬಾಣಂತನ. ಅಲ್ಲಿ ಯಾಕೆ ಎಂತ ಆಗ್ಲಿಲ್ಲ?"

"ಅಲ್ಲಿ ಹಂಚಿನ ಎಡೆಯಲ್ಲಿ, ಗೋಡೆ ಮೇಲೆ, ಎಲ್ಲ ಕಡೆ ಗಾಳಿ ಆಡ್ತಿತ್ತು ಉಮ್ಮ."

"ಹಾಗಾದ್ರೆ ನಾನು ಮಕ್ಕಳಿಗೆ ಕೆಟ್ಟದ್ದು ಮಾಡ್ಲಿಲ್ಲ."

"ಇಲ್ಲ."

"ಇನ್ನೊಮ್ಮೆ ಹೇಳು. ಇವನಿಗೆ ಕೇಳುವ ಹಾಗೆ ಹೇಳು."

ಮಗನ ಕಡೆ ತಿರುಗಿ ಮತ್ತೊಮ್ಮೆ ಹೇಳಿದೆ. ಅಬ್ದುಲ್ಲಾಕ ಎದ್ದು ಮಳೆಗೇ ಇಳಿದು ಅಂಗಳದ ಆ ಬದಿಗೆ ಹೋಗಿ ನಿಂತರು. ಉಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ಎದ್ದು, ಕೈ ತೊಳೆದುಕೊಂಡು, ರಮೀಝಳ ಕೋಣೆಗೆ ಹೋಗಿ ಮಗುವನ್ನು ಎತ್ತಿಕೊಂಡರು. ರಮೀಝ ಅಜ್ಜಿಗೆ ಹಾಸಿಗೆಯಲ್ಲಿ ಜಾಗ ಬಿಟ್ಟಳು. ಮೇಸ್ತ್ರಿ ಚೀಲದಿಂದ ಉಳಿ ತೆಗೆದರು. ಅವತ್ತು ಆ ಮನೆಯ ಒಂದೊಂದು ಪಟ್ಟಿಯನ್ನೂ ನಾನೇ ಉಗುರಿನಿಂದ ಕಿತ್ತೆ.

ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಯಜಮಾನರು ತಡೆಯಲಿಲ್ಲ. ಆದರೆ ಉಳಿದ ಕೆಲಸಗಾರರಿಗೆಲ್ಲ, ಬೆಂಕಿ ಹೊತ್ತಿಸುವ ಯಾವ ಕೋಣೆಯನ್ನೂ ಮುಚ್ಚಬಾರದು ಎಂದು ಬರೆದು ಕಳಿಸಿದರಂತೆ. ನಾನೂ ಮೇಸ್ತ್ರಿಯೂ ಸ್ವಂತವಾಗಿ ಕೆಲಸ ಹಿಡಿದೆವು. ಈಗಲೂ ಹಳೆ ಹಂಚು, ಸುಣ್ಣ, ನೆರಳು. ಸಂದು ಮುಚ್ಚುವ ಬದಲು, ಗೋಡೆಯ ಮೇಲ್ಭಾಗದಲ್ಲಿ ಹಗ್ಗ ಎಳೆದರೆ ತೆರೆಯುವ ಹಲಗೆ ಕೂರಿಸುತ್ತೇವೆ. ಸೆಕೆಯ ಗಾಳಿ ತಾನಾಗಿ ಮೇಲಿನಿಂದ ಹೊರಗೆ ಹೋಗುತ್ತದೆ. ಹೀಗೆ ಮಾಡಿದ ಮೇಲೆ ಕೆಲವರು ಏಸಿಯನ್ನೇ ಕಳಚಿದ್ದಾರೆ. ಬೇಸಿಗೆಯಲ್ಲಿ ಕರೆದವರ ಮನೆಗೆ ಮಳೆಗಾಲದಲ್ಲೂ ಒಮ್ಮೆ ಹೋಗಿ ನೋಡದೆ ಕೆಲಸ ಶುರುಮಾಡುವುದಿಲ್ಲ. ಇದರಿಂದ ಕೆಲಸ ಕಡಿಮೆಯಾಗಿದೆ. ನಮ್ಮಿಬ್ಬರ ಹೊಟ್ಟೆಗೆ ಸಾಕು.

ಅಬ್ದುಲ್ಲಾಕ ನನ್ನೊಡನೆ ಮತ್ತೆ ಮಾತಾಡಿಲ್ಲ. ಪೇಟೆಯಲ್ಲಿ ಎದುರಾದರೆ ಮೇಸ್ತ್ರಿಯನ್ನು ಕೇಳುತ್ತಾರೆ, ನನ್ನನ್ನು ದಾಟಿ ನೋಡುತ್ತಾರೆ. ಅದಕ್ಕೆ ನಾನು ಒಗ್ಗಿಕೊಂಡಿಲ್ಲ, ಒಗ್ಗಬಾರದೆಂದೇ ಅನಿಸುತ್ತದೆ.

ಈ ವರ್ಷ ಫೆಬ್ರವರಿಯಲ್ಲಿ ರಮೀಝ ಫೋನು ಮಾಡಿದಳು. ಮಗನಿಗೆ ಈಗ ನಾಲ್ಕು ವರ್ಷ, ಬಾಯಿ ಮುಚ್ಚುವುದೇ ಇಲ್ಲ ಎಂದಳು. ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಕೋಣೆ ನೋಡಿಹೋಗಲು ಉಮ್ಮ ಹೇಳಿದ್ದಾರೆ ಎಂದಳು. "ಬಾಪ ಎಂತ ಹೇಳಿದ್ರು?" ಎಂದು ಅವಳ ಅಪ್ಪನ ಬಗ್ಗೆ ಕೇಳಿದೆ. "ಉಮ್ಮ ಹೇಳಿದ ಮೇಲೆ ಬಾಪ ಎಂತ ಹೇಳುದು?" ಎಂದು ನಕ್ಕಳು.

ಹೋದೆವು. ಅಬ್ದುಲ್ಲಾಕ ಅಂಗಡಿಗೆ ಹೊರಟುಹೋಗಿದ್ದರು. ಉಮ್ಮನ ನಡಿಗೆ ನಿಧಾನವಾಗಿತ್ತು. ನನ್ನ ಮೊಣಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋದರು. ಮೇಲಿನ ಗೋಡೆಯಲ್ಲಿ ಎಲ್ಲೆಲ್ಲಿ ತೂತು ತೆಗೆಯಬೇಕು, ಹಲಗೆ ಹೇಗೆ ತೆರೆಯಬೇಕು ಎಂದು ತೋರಿಸಿದೆ. ಎಲ್ಲವನ್ನೂ ಕೇಳಿದ ಮೇಲೆ ಅವರು ಮಂಚದ ಮೇಲೆ ಕೂತರು.

"ಇಷ್ಟೆಲ್ಲ ಆದ ಮೇಲೆ ನಾನು ಇಲ್ಲಿ ಕೆಂಡ ಇಡಬಹುದಾ?"

"ಬೇಡ ಉಮ್ಮ. ಬಿಸಿನೀರಿನ ಚೀಲ ಇಡಿ. ಕೆಂಡ ಮಾತ್ರ ಕೋಣೆಯೊಳಗೆ ಬೇಡ."

"ಗಾಳಿ ಹೋಗ್ತದೆ ಅಂತ ನೀನೇ ಹೇಳಿದ್ದಲ್ವಾ? ನಿನ್ನ ಕೆಲಸದ ಮೇಲೆ ನಿನಗೆ ನಂಬಿಕೆ ಇಲ್ವಾ?"

ನಾನು ಗೋಡೆ ನೋಡಿದೆ, ಕಿಟಕಿ ನೋಡಿದೆ, ಬಾಗಿಲಿನ ಅಡಿ ನೋಡಿದೆ.

"ಪೂರ್ತಿ ಇಲ್ಲ ಉಮ್ಮ" ಎಂದೆ.

ಉಮ್ಮ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಗೆ ಹೇಳಿದರು. "ಹಾಗಾದ್ರೆ ಇವಳನ್ನು ನಂಬಬಹುದು. ನಾಳೆಯೇ ಶುರು ಮಾಡಿ."